ಹೇಳಬೇ ಅವರಿಗೆ

ಕಾಕಾನ ಎರಡೂ ಮುಂಗೈಗಳ ತುಂಬ, ಮಣಿಕಟ್ಟಿನಿಂದ ಮೊಣಕೈವರೆಗೆ, ಗೀರುಗಳಿದ್ದವು. ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ, ನಡುವಿನವು ಕಪ್ಪಗೆ ಹಕ್ಕಳೆ ಕಟ್ಟಿಕೊಂಡು. ಬಾರಿಗಿಡದ, ಅಂದರೆ ಬೋರೆಹಣ್ಣಿನ ಗಿಡದ, ಮುಳ್ಳು ಹಿಂದಕ್ಕೆ ಬಾಗಿರುತ್ತದೆ. ಹಣ್ಣಿಗೆ ಕೈ ಚಾಚುವಾಗ ಸುಮ್ಮನಿದ್ದು, ಕೈ ಎಳೆದುಕೊಳ್ಳುವಾಗ ಹಿಡಿಯುತ್ತದೆ. ತುಂಬುತೋಳಿನ ಅಂಗಿ ಹಾಕಿಕೊಳ್ಳಿರಿ ಎಂದು ನಾನು ಎಷ್ಟು ಬಡಿದುಕೊಂಡಿದ್ದೇನೆ. ಮಗ್ಗದ ಊರು ನಮ್ಮದು, ಬಟ್ಟೆಗೇನು ಬರವೇ? ಒಮ್ಮೆ ನಾನೇ ಎರಡು ಅಂಗಿ ಹೊಲಿಸಿಕೊಂಡು ಹೋಗಿ ಕೊಟ್ಟೆ. ಅವು ಬಸದಿಗೆ ಹೋಗುವಾಗ ಹಾಕಿಕೊಳ್ಳುವ ಅಂಗಿಗಳಾದವು.

"ಮುಳ್ಳಿಗೆ ಅಂಗಿ ಹರೀತೈತಿ ಯವ್ವಾ," ಅಂದರು ಕಾಕಾ.

ಕೈ ಹರಿದರೆ ನಡೆಯುತ್ತದಂತೆ, ಅಂಗಿ ಹರಿಯಬಾರದಂತೆ. ಇಂಥವರ ಕೂಡ ಏನು ವಾದ ಮಾಡುತ್ತೀರಿ? ಅವರ ಬಗ್ಗೆ ಬರೆಯಲು ಕೂತರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟು. ಕಣ್ಣೀರು ಆಮೇಲೆ ಬರುತ್ತದೆ, ಅದೂ ಸಿಟ್ಟಿನ ಜೊತೆಗೇ ಬರುತ್ತದೆ.

ಬನಹಟ್ಟಿಯಲ್ಲಿ ನನ್ನದೊಂದು ಖಾನಾವಳಿ ಇದೆ. ಅತ್ತೆಯವರು ಶುರು ಮಾಡಿದ್ದು, ಅವರ ಕೈ ಸೋತ ಮೇಲೆ ನನ್ನ ಕೈಗೆ ಬಂತು. ಮಗ್ಗದ ಕೆಲಸಕ್ಕೆ ಬರುವವರು, ಸೀರೆ ವ್ಯಾಪಾರಕ್ಕೆ ಬರುವವರು ನನ್ನ ಗಿರಾಕಿಗಳು. ರೊಟ್ಟಿ ಬಡಿಯುವುದಕ್ಕೆ ಜನ ಸಿಗುತ್ತಾರೆ, ಆದರೆ ಕಾಯಿಪಲ್ಯ ಮಾತ್ರ ನಾನೇ ನೋಡಿ ತರಬೇಕು. ಅದಕ್ಕಾಗಿ ದಿನಾ ಮುಂಜಾನೆ ಮೊಪೆಡ್ ಹತ್ತಿ ತೇರದಾಳದ ರಸ್ತೆ ಹಿಡಿಯುತ್ತಿದ್ದೆ. ಆ ರಸ್ತೆಯ ಎಡಕ್ಕೆ, ಕಬ್ಬಿನ ನಡುವೆ ಹುಡುಕಿದರೆ ಮಾತ್ರ ಸಿಗುವ ಎರಡು ಎಕರೆ ತೋಟ ಕಾಕಾ ಮತ್ತು ಕಾಕು ಅವರದು, ನನಗೆ ಬಳಗವಲ್ಲ, ಆ ಗಂಡ ಹೆಂಡತಿಯನ್ನು ಊರೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಬಾವಿಯ ಈಚೆಗೆ ಬಾರಿಗಿಡಗಳು, ಆಚೆಗೆ ಕಾಯಿಪಲ್ಯದ ಮಡಿಗಳು, ಸುತ್ತಲೂ ಕವಳಿಕಂಟಿಯ ಬೇಲಿ. ಬಾರಿ ಕಾಕಾನದು, ಕಾಯಿಪಲ್ಯ ಕಾಕುವಿನದು. ಕವಳಿಕಾಯಿಯ ಉಪ್ಪಿನಕಾಯಿ ಮಾತ್ರ ಇಬ್ಬರೂ ಕೂಡಿ ಹಾಕುತ್ತಿದ್ದರು, ಅದು ನನ್ನ ಖಾನಾವಳಿಯ ಹೆಸರು ಉಳಿಸಿದ ಉಪ್ಪಿನಕಾಯಿ.

ಜೈನರ ಮನೆತನ. ಹಾಗಾಗಿ ನೆಲದೊಳಗೆ ಬೆಳೆಯುವ ಯಾವುದೂ ಅವರ ತೋಟದಲ್ಲಿಲ್ಲ. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಗಜ್ಜರಿ ಇಲ್ಲ, ಮೂಲಂಗಿ ಇಲ್ಲ. ನೀವು ತಿನ್ನಬೇಡಿರಿ, ಬೆಳೆದು ನನಗೆ ಕೊಡಿರಿ ಎಂದು ನಾನು ಗೋಗರೆದದ್ದುಂಟು. ಉಳ್ಳಾಗಡ್ಡಿ ಇಲ್ಲದೆ ಖಾನಾವಳಿ ನಡೆದದ್ದನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ? ಕಾಕು ನಗುತ್ತಾ, "ಅದನ್ನ ಕಿತ್ತಬೇಕಾದ್ರ ಎಷ್ಟ ಜೀವಾ ಹೊರಗ ಬೀಳ್ತಾವು ನೋಡೀಯೇನಬೇ?" ಅನ್ನುತ್ತಿದ್ದರು. ನಾನು ಉಳ್ಳಾಗಡ್ಡಿಗಾಗಿ ಮತ್ತೆ ಪೇಟೆಗೆ ಹೋಗಿ ಇನ್ನೊಬ್ಬರ ಕೂಡ ಜಗಳಾಡಿ ತರಬೇಕಿತ್ತು. ಆದರೂ ಬದನೆಕಾಯಿ ಅವರದೇ ಬೇಕು, ಪುಂಡಿಪಲ್ಯ ಅವರದೇ ಬೇಕು. ಬೇರೆ ಕಡೆಯದು ತಂದ ದಿನ ಗಿರಾಕಿ ತಾಟಿನಲ್ಲೇ ಬಿಟ್ಟು ಏಳುತ್ತಿದ್ದ.

ಇದೆಲ್ಲ ಸಣ್ಣ ತಾಪತ್ರಯ. ದೊಡ್ಡದು ಬೇರೆ ಇತ್ತು. ಕಾಕಾ ಮತ್ತು ಕಾಕು ಒಬ್ಬರಿಗೊಬ್ಬರು ನೇರ ಮಾತಾಡುತ್ತಿರಲಿಲ್ಲ.

ಜಗಳ ಎಂದುಕೊಳ್ಳಬೇಡಿ. ಜಗಳ ಆಡಿದ್ದರೆ ನಾನು ಎಷ್ಟು ಸುಖವಾಗಿರುತ್ತಿದ್ದೆ! ಕಾಕು ಮದುವೆಯಾಗಿ ಬಂದಾಗ ಮನೆ ತುಂಬ ಹಿರಿಯರು. ಅವರ ಎದುರು ಗಂಡನ ಕೂಡ ಮಾತಾಡುವುದು ಮರ್ಯಾದೆಯಲ್ಲ, ಏನಿದ್ದರೂ ಅತ್ತೆಗೆ ಹೇಳಬೇಕು, ಅತ್ತೆ ಮಗನಿಗೆ ಹೇಳಬೇಕು. ಹಿರಿಯರೆಲ್ಲ ಹೋಗಿಬಿಟ್ಟರು, ಪದ್ಧತಿ ಉಳಿಯಿತು. ನಡುವೆ ಒಬ್ಬರು ಬೇಕೇ ಬೇಕು. ತೇರದಾಳದಲ್ಲಿ ಕೊಟ್ಟ ಮಗಳು ಬಂದಾಗ ಮಗಳ ಮೂಲಕ, ಇಲ್ಲದಾಗ ನನ್ನ ಮೂಲಕ. ನಾನು ತೋಟಕ್ಕೆ ಕಾಲಿಟ್ಟ ಕೂಡಲೇ ಶುರು.

"ಹೇಳಬೇ ಅವರಿಗೆ, ಬದನಿಗೆ ನೀರ ಸಾಕಂತ."

ಕಾಕಾ ಎರಡು ಮಾರು ದೂರದಲ್ಲೇ ಸಲಿಕೆ ಹಿಡಿದು ನಿಂತಿರುತ್ತಿದ್ದರು. ಕಿವಿ ನೆಟ್ಟಗಿದ್ದವು. ಆದರೂ ನಾನು ಹೇಳುವ ತನಕ ಕೇಳಿಸುತ್ತಿರಲಿಲ್ಲ.

"ಕಾಕಾ, ಬದನೆಗೆ ನೀರು ಸಾಕಂತ್ರಿ."

"ಹಂಗಾರ ಬಾರೀಗೆ ತಿರುವ್ಲೇನಂತ ಕೇಳ ಯವ್ವಾ."

"ಕಾಕು, ಬಾರಿಗೆ ತಿರುವಬೇಕೇನಂತ್ರಿ?"

"ಅವರಿಗೆ ಹೆಂಗ್ ಬೇಕೋ ಹಂಗ ಅನ್ನು."

"ನಂದೇನೈತಿ, ಆಕಿಗೆ ಹೆಂಗ್ ಬೇಕೋ ಹಂಗ ಅನ್ನು."

ನೀರು ಮಡಿ ಒಡೆದು ದಾರಿಗೆ ಹರಿಯುತ್ತಿತ್ತು. ನಾನು ನಡುವೆ ನಿಂತು ಆ ಕಡೆ ಈ ಕಡೆ ಕತ್ತು ತಿರುಗಿಸುತ್ತಿದ್ದೆ.

"ನೀವ್ ನೀವೇ ಹೇಳ್ಕೊಳ್ರಿ! ನನ್ನ ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೇನಿ!"

ಇಬ್ಬರಿಗೂ ನಗು. ಒಬ್ಬರು ಬಾವಿಯ ಕಡೆ ಮುಖ ಮಾಡಿ, ಒಬ್ಬರು ಬೇಲಿಯ ಕಡೆ ಮುಖ ಮಾಡಿ.

ಯಾರೂ ಇಲ್ಲದಾಗ ಏನು ಮಾಡುತ್ತಿದ್ದರು ಅಂತೀರಾ? ಎಮ್ಮೆ ಇತ್ತು. ಕಾಕು ಎಮ್ಮೆಯ ಮುಂದೆ ನಿಂತು, "ಎಮ್ಮೀ, ರೊಟ್ಟಿ ಆಗ್ಯಾವು ನೋಡು," ಅನ್ನುವುದು. ಕಾಕಾ ಬಾರಿಗಿಡದ ಕೆಳಗಿನಿಂದ, "ಬರಾಕತ್ತೇನಂತ ಹೇಳು ಎಮ್ಮೀ," ಅನ್ನುವುದು. ಒಂದು ಸಲ ಕರು ಹಾಕಿದ ಆ ಎಮ್ಮೆಯನ್ನು ಬಾಣಂತಿ ಮಗಳ ಮನೆಗೆ ಹಾಲಿಗೆಂದು ಕಳಿಸಿದ್ದರು. ಮರುದಿನ ಮುಂಜಾನೆ ನಾನು ಹೋದರೆ ಇಬ್ಬರ ಮುಖವೂ ಬಾಡಿತ್ತು. ಏನಾಯಿತೆಂದು ಕೇಳಿದೆ. ಹಿಂದಿನ ಸಂಜೆ ಕಾಕು ಅಡಿಗೆ ಮಾಡಿ ಕೂತಿದ್ದಾರೆ, ಕಾಕಾ ಕೆಲಸ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದಾರೆ. ಅಡಿಗೆ ಆಯಿತು ಎಂದು ಯಾರಿಗೆ ಹೇಳುವುದು? ಹಸಿವಾಯಿತು ಎಂದು ಯಾರಿಗೆ ಹೇಳುವುದು? ಹೊತ್ತು ಮುಳುಗಿತು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವವರಲ್ಲ. ಇಬ್ಬರೂ ಉಪವಾಸ ಮಲಗಿದ್ದರು, ಬುಟ್ಟಿಯ ತುಂಬ ರೊಟ್ಟಿ ಇಟ್ಟುಕೊಂಡು!

ನಾನು ಹಣೆ ಹಣೆ ಚಚ್ಚಿಕೊಂಡೆ. ಆ ತಂಗಳ ರೊಟ್ಟಿಗೆ ಮೊಸರು ಹಚ್ಚಿ ಇಬ್ಬರ ಮುಂದೆಯೂ ಇಟ್ಟು, ಅವರು ಉಣ್ಣುವ ತನಕ ಅಲ್ಲೇ ಕೂತೆ. ಅವತ್ತು ನನ್ನ ಖಾನಾವಳಿಯ ಊಟ ತಡವಾಗಿ ಗಿರಾಕಿಗಳಿಂದ ಬೈಸಿಕೊಂಡೆ.

ಮಾತು ನೇರ ಆಡದವರ ಕಥೆ ನಗುವುದಕ್ಕೆ ಚೆನ್ನ. ಆದರೆ ಅದೇ ಗುಣ ಆ ತೋಟವನ್ನು ತಿನ್ನುತ್ತಾ ಬಂತು. ಅದನ್ನು ನೋಡುತ್ತಾ ನಿಲ್ಲುವುದು ನನ್ನ ಪಾಲಿಗಿತ್ತು.

ಅವರ ತೋಟದ ಪಡುವಣಕ್ಕೆ ಒಬ್ಬ ಸಾವುಕಾರನ ಕಬ್ಬು. ಒಂದೇ ಬೇಲಿ. ಮಳೆಗಾಲದಲ್ಲಿ ಕಬ್ಬು ನಾಟಿ ಮಾಡಿದ ಸ್ವಲ್ಪ ದಿನಕ್ಕೆ ಆತನ ಆಳುಗಳು ಕಸದ ಎಣ್ಣೆ ಹೊಡೆಯುತ್ತಾರೆ, ಅಂದರೆ ಕಸ ಸುಡುವ ಔಷಧ. ಕಬ್ಬು ಹುಲ್ಲಿನ ಜಾತಿ, ಅದಕ್ಕೆ ಆ ಎಣ್ಣೆ ಏನೂ ಮಾಡುವುದಿಲ್ಲ. ಅಗಲ ಎಲೆಯ ಕಸವೆಲ್ಲ ಮುರುಟಿ ಸಾಯುತ್ತದೆ. ಬದನೆ, ಟೊಮೆಟೊ, ಬಾರಿ, ಇವೂ ಅಗಲ ಎಲೆಯವೇ ತಾನೇ? ಆ ದಿನಗಳಲ್ಲಿ ಗಾಳಿ ಬೀಸುವುದೂ ಪಡುವಣದಿಂದಲೇ. ಎಣ್ಣೆ ಹೊಡೆದ ಕೆಲವು ದಿನಕ್ಕೆ ಕಾಕುವಿನ ಬದನೆ ಎಲೆ ಚಮಚದ ಹಾಗೆ ಮಡಚಿಕೊಳ್ಳುತ್ತಿತ್ತು, ಟೊಮೆಟೊ ಚಿಗುರು ಹುರಿಗಟ್ಟುತ್ತಿತ್ತು. ಬಾರಿ ಆಗಲೇ ಹೂವಿನಲ್ಲಿರುತ್ತಿತ್ತು, ಬೇಲಿಯ ಹತ್ತಿರದ ಸಾಲಿನ ಹೂವೆಲ್ಲ ನೆಲಕ್ಕೆ.

"ಸಾವುಕಾರಗ ಹೇಳ್ರಿ ಕಾಕಾ. ಗಾಳಿ ನೋಡಿ ಹೊಡಿಯಂತ ಹೇಳ್ರಿ. ಒಂದ ಮಾತು!"

"ಮುಳ್ಳಿನ ಗಿಡಾ ಬೆಳಸಾವ್ರು ನಾವು," ಅನ್ನುತ್ತಿದ್ದರು ಕಾಕಾ, "ಮಾತಿನಾಗೂ ಮುಳ್ಳ ಯಾಕ ಯವ್ವಾ?"

ಅದಾದ ಮೇಲೆ ಬರುತ್ತಿತ್ತು ನೋಡಿ ನನ್ನ ಪಿತ್ತ ನೆತ್ತಿಗೇರುವ ದಿನ. ಭಾದ್ರಪದದಲ್ಲಿ ಅವರ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿ ಎಂದು ಮಾಡುತ್ತಾರೆ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಯಾರಿಗಾದರೂ ನೋವು ಮಾಡಿದ್ದರೆ ಮನೆ ಮನೆಗೆ ಹೋಗಿ ಕ್ಷಮೆ ಕೇಳುವ ದಿನ. ಬಹಳ ಒಳ್ಳೆಯ ಹಬ್ಬ, ಬೇಡ ಅನ್ನುವುದಿಲ್ಲ. ಆ ದಿನ ಕಾಕು ನನ್ನ ಖಾನಾವಳಿಗೂ ಬಂದು ಕೈ ಮುಗಿಯುತ್ತಿದ್ದರು. ಉಳ್ಳಾಗಡ್ಡಿ ಬೆಳೆಯದ್ದಕ್ಕೆ ನಾನು ಕ್ಷಮಿಸಿದ್ದೇನೆ ಅನ್ನುತ್ತಿದ್ದೆ, ನಗುತ್ತಿದ್ದರು. ಆದರೆ ಇಬ್ಬರೂ ಕೂಡಿ ಆ ಸಾವುಕಾರನ ಮನೆಗೂ ಹೋಗುತ್ತಿದ್ದರು! ಎಣ್ಣೆ ತಾಗದೆ ಉಳಿದ ಚಲೋ ಚಲೋ ಬದನೆಕಾಯಿ, ಹೀರೇಕಾಯಿ ಆರಿಸಿ ಬುಟ್ಟಿ ತುಂಬಿಕೊಂಡು ಹೋಗಿ, ಆತನ ಕಟ್ಟೆಯ ಮುಂದೆ ನಿಂತು ಕೈ ಮುಗಿದು, "ನಮ್ಮಿಂದ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ" ಅನ್ನುತ್ತಿದ್ದರು. ತಪ್ಪು ಯಾರದು, ಕ್ಷಮೆ ಕೇಳುವವರು ಯಾರು! ಆತ ಬುಟ್ಟಿ ಒಳಗೆ ಕಳಿಸಿ, ಚಹಾ ಕುಡಿಸಿ ಕಳಿಸುತ್ತಿದ್ದ. ಮರುವರ್ಷ ಮತ್ತೆ ಅದೇ ಎಣ್ಣೆ, ಅದೇ ಗಾಳಿ, ಅದೇ ಬುಟ್ಟಿ.

ನನ್ನ ತವರು ಚಿಕ್ಕಪಡಸಲಗಿ ಕಡೆ. ಸರಕಾರ ಇವತ್ತು ನಾಳೆ ಅಂದಾಗ ರೈತರೇ ರೊಕ್ಕ ಹಾಕಿ, ಮೈಮುರಿದು ಹೊಳೆಗೆ ಒಡ್ಡು ಕಟ್ಟಿದ ಸೀಮೆ ಅದು. ಬಾಯಿ ಮುಚ್ಚಿಕೊಂಡು ಕೂಡುವುದು ನನ್ನ ಜಾಯಮಾನದಲ್ಲಿಲ್ಲ. ಪ್ರತಿವರ್ಷ ನಾನು ಕುದಿಯುತ್ತಿದ್ದೆ. ಪ್ರತಿವರ್ಷ ಕಾಕು, "ಹೋಗಲಿ ಬಿಡಬೇ, ಅವರವರ ಕರ್ಮ ಅವರಿಗೆ," ಅನ್ನುತ್ತಿದ್ದರು. ನನಗೆ ಕರ್ಮ ಬೇಡ, ಬದನೆಕಾಯಿ ಬೇಕಾಗಿತ್ತು.

ಒಂದು ವರ್ಷ ಗಾಳಿ ಯಾವತ್ತಿಗಿಂತ ಜೋರಿತ್ತು. ಮುಂಜಾನೆ ಹೋದರೆ ಬಾರಿಗಿಡಗಳ ಕೆಳಗೆ ನೆಲವೆಲ್ಲ ಹೂವು. ಬೇಲಿಯ ಸಾಲು ಅಷ್ಟೇ ಅಲ್ಲ, ಬಾವಿಯ ತನಕ. ಸಂಕ್ರಾಂತಿಗೆ ಬನಹಟ್ಟಿಯ, ರಬಕವಿಯ ಎಷ್ಟೋ ಮನೆಗಳಲ್ಲಿ ಕೂಸುಗಳ ತಲೆಯ ಮೇಲೆ ಎರೆಯುವುದು ಕಾಕಾನ ಬಾರಿಹಣ್ಣನ್ನೇ. ಹಣ್ಣು, ಚುರುಮುರಿ, ಕಬ್ಬಿನ ತುಂಡು ಕೂಡಿಸಿ ಎರೆದರೆ ಸುತ್ತಲಿನ ಹುಡುಗರೆಲ್ಲ ಮುಗಿಬಿದ್ದು ಆಯ್ದುಕೊಳ್ಳುತ್ತಾರೆ. ಆ ವರ್ಷ ಎರೆಯಲು ಒಂದು ಹಣ್ಣೂ ಇರುವುದಿಲ್ಲ ಎಂದು ಆ ಮುಂಜಾನೆಯೇ ಗೊತ್ತಾಯಿತು. ಕಾಕಾ ಗಿಡದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹೂವು ಬಳಿಯುತ್ತಿದ್ದರು. ಬಳಿದು ಏನು ಮಾಡುತ್ತಾರೋ ದೇವರಿಗೇ ಗೊತ್ತು. ನನ್ನ ಕಡೆ ನೋಡದೆ ಅಂದರು:

"ಕೇಳ ಯವ್ವಾ ನಿಮ್ಮ ಕಾಕುಗ. ಗಿಡಾ ತಗದು ನಾವೂ ಕಬ್ಬು ಹಚ್ಚಿಬಿಡೂನೇನಂತ."

ನಾನು ಕಾಕುವಿನ ಕಡೆ ತಿರುಗಿದೆ. ಕಾಕು ಮೆಂತ್ಯೆ ಮಡಿಯಲ್ಲಿ ಕೂತಿದ್ದರು. ಕೈ ನಿಂತವು.

"ಅವರಿಗೆ ಹೆಂಗ್ ಬೇಕೋ ಹಂಗ ಅನ್ನು," ಅಂದರು. ಧ್ವನಿ ಬಹಳ ಸಣ್ಣದಾಗಿತ್ತು.

"ನಂದೇನೈತಿ. ಆಕಿಗೆ ಹೆಂಗ್ ಬೇಕೋ ಹಂಗ."

ಇಬ್ಬರಿಗೂ ಏನು ಬೇಕು ಎಂಬುದನ್ನು ಇಬ್ಬರೂ ಹೇಳಲಿಲ್ಲ. ಕಬ್ಬು ಹಚ್ಚಿದರೆ ಸುಖ ಇದೆ, ಸುಳ್ಳಲ್ಲ. ಒಮ್ಮೆ ನಾಟಿ ಮಾಡಿದರೆ ಆಯಿತು, ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರು ಬಂದು ತುಂಬಿಕೊಂಡು ಹೋಗುತ್ತವೆ. ದಿನಾ ಬಗ್ಗಿ ಕಾಯಿಪಲ್ಯ ಹರಿಯಬೇಕಿಲ್ಲ, ಮುಳ್ಳಿಗೆ ಕೈ ಕೊಡಬೇಕಿಲ್ಲ. ಆದರೆ ಆ ಮಾತು ಬಂದಾಗ ಇಬ್ಬರ ಮುಖ ನೋಡಬೇಕಿತ್ತು. ನಾನು ಮೆಂತ್ಯೆಯ ಸಿವುಡು ಅಲ್ಲೇ ಒಗೆದು ಮೊಪೆಡ್ ತಿರುಗಿಸಿದೆ.

ಸಾವುಕಾರ ಕಟ್ಟೆಯ ಮೇಲೆ ಕೂತು ಚಹಾ ಬಸಿಯಲ್ಲಿ ಹಾಕಿಕೊಂಡು ಕುಡಿಯುತ್ತಿದ್ದ. "ಬರ್ರಿ ಅಕ್ಕಾರ, ಏನ್ ಇಷ್ಟ ದೂರ?" ಅಂದ. ನಾನು ಕೂಡಲಿಲ್ಲ. ನಿಂತಲ್ಲೇ ಶುರು ಮಾಡಿದೆ. ಎಣ್ಣೆ, ಗಾಳಿ, ಬದನೆ, ಹೂವು, ಒಂದೂ ಬಿಡಲಿಲ್ಲ. ನಿಮ್ಮ ಹೊಟ್ಟೆಗೆ ಅವರ ಬದನೆಕಾಯಿ ಹೆಂಗೆ ಇಳಿಯುತ್ತದ್ರಿ ಎಂದೂ ಕೇಳಿದೆ. ಒಳಗಿನಿಂದ ಆತನ ಮನೆಯವರು ಬಂದು ಬಾಗಿಲಲ್ಲಿ ನಿಂತರು.

ಆತ ಬಸಿ ಕೆಳಗಿಟ್ಟ. ಬಯ್ಯುತ್ತಾನೆ ಎಂದುಕೊಂಡೆ, ಬಯ್ಯಲಿಲ್ಲ.

"ನನಗ ಯಾರ್ ಹೇಳ್ಯಾರ್ರಿ ಅಕ್ಕಾರ?"

"ಕಣ್ಣಿಲ್ಲೇನ್ರಿ ನಿಮಗ?"

"ನಾ ಆ ಕಡೆ ಬೇಲಿಗೆ ಎಂದ್ ಹೋಗೇನಿ? ಎಣ್ಣಿ ಹೊಡಿಯಾವ್ರು ಆಳು. ಕಾಕಾ ವರ್ಷಾ ಮನಿಗೆ ಬರ್ತಾನ. ಒಂದ ಸಲ ಬಾಯಿ ಬಿಟ್ಟಿಲ್ಲ. ಹ್ವಾದ ವರ್ಷ ಒಂದ ಮಾತ ಅಂದ, 'ಯಾಕೋ ಬಾರೀ ಎಲಿ ಮುದುಡಾಕತ್ತಾವು' ಅಂತ. ಏನರ ರೋಗ ಬಂದಿರಬೇಕು, ಔಷಧ ಹೊಡೀರಿ ಅಂದೆ. ಹೂಂ ಅಂದ." ಆತ ತಲೆ ಕೆರೆದುಕೊಂಡ. "ಖರೇ ಹೇಳಲ್ಯಾ? ವರ್ಷಾ ಬಂದು ಕೈ ಮುಗದು ತಪ್ಪಾತು ತಪ್ಪಾತು ಅನ್ನಾವ್ರನ್ನ ನೋಡಿ ನೋಡಿ, ಏನೋ ತಪ್ಪು ಅವರದ ಇರಬೇಕು ಅಂತ ತಿಳದಿದ್ದೆ ನಾ."

ಆತ ಪೂರ್ತಿ ನಿಜ ಹೇಳಿದನೋ ಅರ್ಧ ಹೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಮುಂದಿನ ಸಲ ಬೇಲಿಯ ಪಕ್ಕದ ಹತ್ತಾರು ಸಾಲು ಬಿಟ್ಟು, ಗಾಳಿ ನಿಂತ ಹೊತ್ತು ನೋಡಿ ಎಣ್ಣೆ ಹೊಡೆಸಿದ. ಬಿಟ್ಟ ಸಾಲುಗಳ ಕಸವನ್ನು ಹೆಣ್ಣಾಳು ಹಚ್ಚಿ ಕೀಳಿಸಿದ. ಅಷ್ಟೇ. ಅಷ್ಟೇ ಕೆಲಸ! ಅದಕ್ಕಾಗಿ ಎಷ್ಟು ವರ್ಷದ ಹೂವು ಮಣ್ಣಾಯಿತು ಹೇಳಿ.

ನಾನು ಜಗಳಾಡಿ ಬಂದ ಸುದ್ದಿ ಕೇಳಿ ಅವರು ಖುಷಿಪಟ್ಟರು ಅಂದುಕೊಂಡಿರಾ? ಕಾಕು ನನ್ನ ಕೂಡ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. "ನಮ್ಮ ಹೆಸರಿಲೆ ಒಬ್ಬರ ಮನಿ ಮುಂದ ನಿಂತು ಬಾಯಿ ಮಾಡಿ ಬಂದೆಲ್ಲಬೇ," ಅಂದರು. ಆ ವರ್ಷ ಕ್ಷಮಾವಾಣಿಗೆ ಬುಟ್ಟಿ ಹೊರಿಸಿ ನನ್ನನ್ನೂ ಕರೆದುಕೊಂಡು ಹೋದರು. ನಾನು ಸಾವುಕಾರನ ಕಟ್ಟೆಯ ಮುಂದೆ ನಿಂತೆ, ಕೈ ಮುಗಿಯಲಿಲ್ಲ. ಕಾಕು ನನ್ನ ಪರವಾಗಿಯೂ ಕೈ ಮುಗಿದರು. ಸಾವುಕಾರ ಅವತ್ತು ಬುಟ್ಟಿ ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದ, ಅದೊಂದು ನನಗೆ ಸಮಾಧಾನ.

ಮುಂದಿನ ಮಳೆಗಾಲ ದಾಟಿ ಬಾರಿಗಿಡ ಕಾಯಿ ಕಚ್ಚಿದಾಗ ಕಾಕಾ ನನ್ನನ್ನು ಕರೆದು ತೋರಿಸಿದರು. ಟೊಂಗೆ ಟೊಂಗೆಗೆ ಹಸಿರು ಕಾಯಿ. ಬೇಲಿಯ ಸಾಲೂ ಹಿಡಿದಿತ್ತು. ಒಂದು ಮಾತು ನನ್ನನ್ನು ಹೊಗಳುತ್ತಾರೆ ಎಂದು ನಾನು ಸೆರಗು ಸರಿ ಮಾಡಿಕೊಂಡು ನಿಂತಿದ್ದೆ.

"ಛಲೋ ಮನಷ್ಯಾ ನೋಡ ಯವ್ವಾ ಸಾವ್ಕಾರ," ಅಂದರು ಕಾಕಾ. "ಮೊದಲ ಹೇಳಿದ್ರ ಮೊದಲ ಬಿಡ್ತಿದ್ದ ಪಾಪ."

ನನಗೆ ಅಲ್ಲೇ ಇದ್ದ ಬಾವಿಗೆ ಹಾರಬೇಕು ಅನಿಸಿತು. ಹಾರಿದ್ದರೂ, "ಆಕಿಗೆ ಹಗ್ಗಾ ಒಗಿ ಅಂತ ಹೇಳು" ಎಂದು ಇಬ್ಬರೂ ಎಮ್ಮೆಗೆ ಹೇಳುತ್ತಾ ನಿಂತಿರುತ್ತಿದ್ದರು.

ಆ ಸಂಕ್ರಾಂತಿಗೆ ಅವರ ಮೊಮ್ಮಗಳಿಗೆ ಹಣ್ಣೆರೆದರು. ಸಂಕ್ರಾಂತಿಯ ಪದ್ಧತಿಯಂತೆ ಕರಿಯ ಸೀರೆಯಲ್ಲಿ ಹೊಲಿದ ಸಣ್ಣ ಪರಕಾರ ತೊಟ್ಟು ಕೂಸು ಮಣೆಯ ಮೇಲೆ ಕೂತಿತ್ತು. ಕಾಕು ಹಣ್ಣು ಎರೆಯುತ್ತಿದ್ದಂತೆ ಒಂದು ಹಣ್ಣು ಉರುಳಿ ಕಾಕಾನ ಕಾಲ ಹತ್ತಿರ ಬಂತು. ಅವರು ಅದನ್ನು ಎತ್ತಿ ಒರೆಸಿ ನನ್ನ ಕೈಯಲ್ಲಿ ಇಟ್ಟರು. "ಕಾಕುಗ ಕೊಡು, ಈ ಸಲ ರುಚಿ ಹೆಂಗಾಗೇತಿ ಕೇಳು." ಕಾಕು ತಿಂದು ಕಣ್ಣು ಮುಚ್ಚಿ, "ಛಲೋ ಆಗ್ಯಾವಂತ ಹೇಳು," ಅಂದರು. ನಾನು ಹೇಳಿದೆ. ಹಬ್ಬದ ದಿನ ಯಾಕೆ ಎಂದು ಬಯ್ಯಲಿಲ್ಲ.

ಬಾರಿಯ ಸುಗ್ಗಿ ಮುಗಿದ ಮೇಲೆ, ಬಿಸಿಲು ಏರುವ ದಿನಗಳಲ್ಲಿ, ಒಂದು ಮುಂಜಾನೆ ಕಾಕಾ ಏಳಲಿಲ್ಲ. ಕೆಲವು ದಿನದಿಂದ ಎದೆ ಹಿಡಿದುಕೊಂಡು ಕೂಡುತ್ತಿದ್ದರಂತೆ, ಮಗಳು ಆಮೇಲೆ ಹೇಳಿದಳು. ಯಾಕೆ ಯಾರಿಗೂ ಹೇಳಲಿಲ್ಲ? ನನಗೆ ಹೇಳಿದ್ದರೆ ಜಮಖಂಡಿಯ ದವಾಖಾನೆಗೆ ಎಳೆದುಕೊಂಡು ಹೋಗುತ್ತಿರಲಿಲ್ಲವೇ? ದಿನಾ ಮುಂಜಾನೆ ಅವರ ಎದುರಿಗೇ ನಿಂತಿರುತ್ತಿದ್ದೆ. ನೀರಿನ ಮಾತು, ಮಡಿಯ ಮಾತು, ಜಗತ್ತಿನ ಮಾತೆಲ್ಲ ನನ್ನ ಕೈಯಲ್ಲಿ ಹೇಳಿಕಳಿಸುವ ಮನುಷ್ಯ, ತನ್ನ ಎದೆಯ ಮಾತು ಒಂದು ಹೇಳಬಾರದೇ? ಎಮ್ಮೆಗಾದರೂ ಹೇಳಿದ್ದರೋ ಏನೋ. ಎಮ್ಮೆ ನನಗೆ ಹೇಳಲಿಲ್ಲ.

ನಾನು ಹೋದಾಗ ಪಡಸಾಲೆಯಲ್ಲಿ ಮಲಗಿಸಿದ್ದರು. ತುಂಬುತೋಳಿನ ಅಂಗಿ ತೊಡಿಸಿದ್ದರು, ನಾನು ಕೊಟ್ಟದ್ದು. ಜನ ತುಂಬಿತ್ತು. ಕಾಕು ಒಂದು ಮಾರು ದೂರ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡ ಕೂಡಲೇ ಸರಿದು ಜಾಗ ಮಾಡಿ, ನಡುವೆ ಕೂಡಿಸಿಕೊಂಡರು.

"ಹೇಳಬೇ ಅವರಿಗೆ," ಅಂದರು, "ಹೊತ್ತ ಏರಾಕತ್ತೇತಿ, ಏಳ್ರಿ ಅಂತ."

ಅಷ್ಟು ವರ್ಷ ಬೈದುಕೊಂಡಾದರೂ ಅವರ ಮಾತು ಮುಟ್ಟಿಸಿದವಳು ನಾನು. ಅವತ್ತು ನನ್ನ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಕಾಕು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡರು.

ತಿಂಗಳು ಕಳೆದ ಮೇಲೆ ತೋಟದ ಪ್ರಶ್ನೆ ಎದ್ದಿತು. ಬಿಸಿಲುಗಾಲದಲ್ಲಿ ಬಾರಿಗಿಡ ಬೋಳು ಸವರಬೇಕು, ಚಾಟಣ ಅನ್ನುತ್ತಾರೆ. ಸವರದಿದ್ದರೆ ಮುಂದೆ ಹೊಸ ಚಿಗುರಿಲ್ಲ, ಹೂವಿಲ್ಲ. ಅದು ಕಾಕಾನ ಕೆಲಸವಾಗಿತ್ತು. ಗಿಡಗಳು ಹಾಗೇ ನಿಂತಿದ್ದವು. ಸಾವುಕಾರ ಬಂದು ಬೇಲಿಯ ಹತ್ತಿರ ನಿಂತು, "ಕಾಕು, ಒಬ್ಬಾಕಿ ಹೆಂಗ್ ಮಾಡ್ತಿ? ಹೂಂ ಅನ್ನು, ನನ್ನ ಟ್ರ್ಯಾಕ್ಟರ್ ಹಚ್ಚಿ ಗಿಡಾ ತಗಸಿ ಕಬ್ಬು ನಾಟಿ ಮಾಡಿಸಿ ಕೊಡ್ತೇನಿ," ಅಂದ. ಕಳಕಳಿಯಿಂದಲೇ ಅಂದ, ಅದನ್ನು ಇಲ್ಲವೆನ್ನಲಾರೆ. ಮಗಳೂ ಬಂದು ಅದನ್ನೇ ಅಂದಳು. ಕಾಕು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: "ಅವರಿಗೆ ಹೆಂಗ್ ಬೇಕೋ ಹಂಗ."

ಎಲ್ಲರೂ ತಲೆ ಅಲ್ಲಾಡಿಸಿ ಹೋದರು. ಮುದುಕಿಗೆ ಮರುಳು ಹಿಡಿಯಿತು ಎಂದರು. ಸಾವುಕಾರನ ಟ್ರ್ಯಾಕ್ಟರು ಬೇಲಿಯ ಆಚೆ ಬಂದು ನಿಂತಿತು, ಒಂದು ಮಾತಿಗಾಗಿ ಕಾಯುತ್ತ.

ಆ ಮುಂಜಾನೆ ನಾನು ಹೋದಾಗ ಕಾಕು ಬಾವಿಯ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಕಾಕಾನ ಗಿಡ ಸವರುವ ಕತ್ತರಿ ಇತ್ತು. ನನಗೆ ತಡೆಯಲಾಗಲಿಲ್ಲ.

"ಕಾಕು, ಹೌದೋ ಅಲ್ಲೋ ಒಂದ ಮಾತು ಹೇಳ್ರಿ. ನಿಮಗೇನ್ ಬೇಕು ಹೇಳ್ರಿ. ಬಾಯಿ ಬಿಟ್ಟು!"

ಅವರು ನನ್ನನ್ನು ನೋಡಲಿಲ್ಲ. ಹಳೆಯ ಬಾರಿಗಿಡದ ಕಡೆ, ಕಾಕಾ ದಿನಾ ಸಲಿಕೆ ಹಿಡಿದು ನಿಲ್ಲುತ್ತಿದ್ದ ಜಾಗದ ಕಡೆ ನೋಡಿದರು.

"ಕೇಳಬೇ ಅವರ್ನ," ಅಂದರು. "ಕಬ್ಬು ಹಚ್ಚೂನೇನಂತ."

ಮರುಳು ಹಿಡಿದವರ ಮುಖ ಅಲ್ಲ ಅದು. ಅವರಿಗೆ ಎಲ್ಲ ಗೊತ್ತಿತ್ತು. ಆದರೆ ಬೇರೆ ದಾರಿ ಗೊತ್ತಿರಲಿಲ್ಲ.

ನಾನು ಗಿಡದ ಕಡೆ ತಿರುಗಿದೆ. ನನ್ನ ಧ್ವನಿ ನನಗೇ ಒಂದು ಥರ ಕೇಳಿಸಿತು.

"ಕಾಕಾ, ಕಬ್ಬು ಹಚ್ಚೂನೇನಂತ ಕೇಳ್ತಾರ್ರಿ ಕಾಕು."

ಗಿಡದಲ್ಲಿ ಒಂದು ಗುಬ್ಬಿ ಎದ್ದು ಹೋಯಿತು. ಬೇಲಿಯ ಆಚೆ ಟ್ರ್ಯಾಕ್ಟರಿನವನು ಬೀಡಿ ಹಚ್ಚಿದ.

"ಏನಂದ್ರಬೇ?"

ಒಂಟಿ ಜೀವಕ್ಕೆ ಕಬ್ಬೇ ಸುಖ ಎಂದು ಬುದ್ಧಿ ಹೇಳುತ್ತಿತ್ತು. ತಮಗೆ ಏನು ಬೇಕು ಎಂದು ಕಾಕಾ ಒಂದು ದಿನವೂ ನನ್ನ ಮುಂದೆ ಅಂದವರಲ್ಲ. ಸಾವಿರ ಮಾತು ಸಾಗಿಸಿದ್ದೇನೆ, ಅದರಲ್ಲಿ ಅವರ ಸ್ವಂತದ ಬಯಕೆ ಒಂದೂ ಇರಲಿಲ್ಲ. ಆದರೆ ಆ ಕೈಗಳು ನೆನಪಾದವು. ಬೆಳ್ಳಗಿನ ಗೀರು, ಕೆಂಪಗಿನ ಗೀರು. ಕಬ್ಬು ಬೇಕಾದ ಮನುಷ್ಯ ಅಷ್ಟು ವರ್ಷ ಕೈ ಹಾಗೆ ಹರಿದುಕೊಳ್ಳುತ್ತಾನೆಯೇ?

"ಬ್ಯಾಡ ಅಂದ್ರು," ಅಂದೆ.

ಕಾಕು ನನ್ನ ಕಡೆ ತಿರುಗಿದರು. "ಸುಳ್ಳ ಹೇಳಬ್ಯಾಡ. ಅವರು ಹಂಗ ಒಂದ ಏಟಿಗೆ ಅನ್ನಾವ್ರಲ್ಲ."

"ಖರೇನ ಅಂದ್ರು ಕಾಕು. ಕಬ್ಬು ಬ್ಯಾಡ, ಗಿಡಾ ಇರಲಿ, ಅಂದ್ರು."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಕತ್ತರಿ ಕೈಗೆ ತೆಗೆದುಕೊಂಡು, ಅದರ ಬಾಯಿ ಒಮ್ಮೆ ತೆರೆದು ಮುಚ್ಚಿ ನೋಡಿದರು.

"ನನಗೂ ಬ್ಯಾಡಾಗಿತ್ತು," ಅಂದರು. "ಅವತ್ತ ಅವರು ಕೇಳಿದಾಗೂ ಬ್ಯಾಡಾಗಿತ್ತು. ಹೇಳಬೇ ಅವರಿಗೆ."

ನಾನು ಗಿಡದ ಕಡೆ ತಿರುಗಿ, ಬೇಲಿಯ ಆಚೆ ಟ್ರ್ಯಾಕ್ಟರಿನವನಿಗೂ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದೆ.